ಬೆನ್ನ ಹಿಂದಿನ ಹತ್ತು ಪಿನ್ನು

ಪುಂತೊ ಫಿಹೊ,
14 ಫೆಬ್ರವರಿ 1996

ಮಗ ನೆರಿಯೊ,

ನೀನು ಹಡಗು ಹತ್ತಿ ಐದು ವಾರವಾಯಿತು. ಅಡುಗೆ ಮಾಡುತ್ತ ಕೈ ಸುಟ್ಟುಕೊಂಡೆಯೋ, ಇಲ್ಲ ನಿನ್ನ ಅಡುಗೆ ತಿಂದು ನಾವಿಕರ ಹೊಟ್ಟೆ ಕೆಟ್ಟಿತೋ, ಒಂದು ಸಾಲು ಬರೆಯಬಾರದೇ? ನಾನಂತೂ ಬರೆಯುತ್ತೇನೆ. ಬೈಯಲು ನನಗೊಬ್ಬರು ಬೇಕು. ಮನೆಯಲ್ಲಿ ನಿನ್ನಕ್ಕ ಓಮೈರಾಳನ್ನು ಬೈದರೆ ಅವಳು ತಿರುಗಿಸಿ ಬೈಯುತ್ತಾಳೆ.

ಹೋಗುವಾಗ ಎಷ್ಟು ಸಲೀಸಾಗಿ ಹೇಳಿಬಿಟ್ಟೆ! "ಶನಿವಾರ ಅಕ್ಕನ್ನ ಬೌಲಿಂಗಿಗೆ ಕರ್ಕೊಂಡು ಹೋಗಿ ಅಪ್ಪಾ, ಏನೂ ಕಷ್ಟ ಇಲ್ಲ, ಅವಳು ಹೇಳಿದ ಹಾಗೆ ರ‍್ಯಾಂಪ್ ಸರಿಸಿದ್ರೆ ಆಯ್ತು." ಆ ರ‍್ಯಾಂಪಿನ ಪೈಪು ಬಗ್ಗಿಸಿ ವೆಲ್ಡಿಂಗ್ ಮಾಡಿದವನು ನಾನು. ಅವಳು ಕೂತಲ್ಲಿಂದಲೇ ತಳ್ಳಿದ ಚೆಂಡು ಆ ಇಳಿಜಾರಿನಿಂದ ಜಾರಿ, ಹಾದಿಯ ಕೊನೆಯಲ್ಲಿ ನಿಲ್ಲಿಸಿದ ಹತ್ತು ಪಿನ್ನು ಬೀಳಿಸಲು ಹೇಗೆ ಓಡುತ್ತದೆ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿಲ್ಲದ್ದು ಆ ನಿಯಮ. ಓಮೈರಾ ಗಾಲಿಕುರ್ಚಿಯಲ್ಲಿ ಪಿನ್ನುಗಳಿಗೆ ಮುಖ ಮಾಡಿ ಕೂರಬೇಕಂತೆ. ನಾನು ರ‍್ಯಾಂಪಿನ ಪಕ್ಕ ಅವಳಿಗೆ ಮುಖ ಮಾಡಿ, ಪಿನ್ನುಗಳಿಗೆ ಬೆನ್ನು ಹಾಕಿ ನಿಲ್ಲಬೇಕಂತೆ. ಅವಳು ಎಷ್ಟು ಬೆರಳು ಎತ್ತುತ್ತಾಳೋ ಅಷ್ಟೇ ಬೆರಳಗಲ ಸರಿಸಬೇಕು. ಅವಳು ಚೆಂಡು ತಳ್ಳಿ, ಅದು ಹೋಗಿ ಬಡಿದು ಸದ್ದು ನಿಲ್ಲುವ ತನಕ ತಿರುಗಿ ನೋಡುವಂತಿಲ್ಲ!

ಮೂವತ್ತೊಂದು ವರ್ಷ ರಿಫೈನರಿಯಲ್ಲಿ ಮೀಟರಿನ ಮುಳ್ಳು ನೋಡಿಕೊಂಡು ಕೂತವನು ನಾನು. ಒತ್ತಡದ ಮುಳ್ಳು ಒಂದು ಕೂದಲೆಳೆ ಸರಿದರೂ ಎದ್ದು ನಿಲ್ಲುತ್ತಿದ್ದೆ. ಅಂಥವನನ್ನು ನಿಲ್ಲಿಸಿ ನೋಡಬೇಡ ಎನ್ನುವುದೇ? ಆಟ ಕಲಿಸುವ ಸೊರೈದಾ ಟೀಚರ್‌ಗೆ ಇದನ್ನೇ ಹೇಳಿದೆ. ಅವರು ನಕ್ಕುಬಿಟ್ಟರು. "ಎವಾರಿಸ್ಟೊ ಅವರೇ, ಆಡ್ತಿರೋದು ಅವಳು. ನೀವು ಬರೀ ಕೈ, ಕಣ್ಣು ಅವಳದು" ಎಂದರು.

ಮೊದಲ ಆಟದಲ್ಲಿ ಬಂದದ್ದು 31 ಅಂಕ. "ಬಲಕ್ಕೆ ಎರಡು" ಎಂದಳು, ನಾನು ನನ್ನ ಬಲಕ್ಕೆ ಸರಿಸಿದೆ. ಎದುರುಬದುರು ನಿಂತಾಗ ನನ್ನ ಬಲ ಅವಳ ಎಡ ಎನ್ನುವುದು ಯಾರಿಗೆ ನೆನಪಿರುತ್ತದೆ? ಚೆಂಡು ಹಾದಿಯ ಅಂಚಿನ ಚರಂಡಿ ಸೇರಿತು, ಪಿನ್ನು ಒಂದೂ ಬೀಳಲಿಲ್ಲ. "ನನ್ನ ಬಲ! ನನ್ನ ಬಲ!" ಎಂದು ರಿಫೈನರಿ ಕ್ಲಬ್ಬಿನ ಹಾಲೆಲ್ಲ ಕೇಳುವ ಹಾಗೆ ಕೂಗಿದಳು. ಎರಡನೇ ಆಟದಲ್ಲಿ ಅವಳು ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿದೆ. ಎರಡು ಎಂದರೆ ಎರಡೇ ಬೆರಳು. ಬಂದದ್ದು 58. ನಿನ್ನ ಜೊತೆ ನೂರು ದಾಟುತ್ತಿದ್ದವಳು! ಕಣ್ಣಲ್ಲಿ ನೀರು ತಂದುಕೊಂಡು, "ನೆರಿಯೊ ಥರ ಮಾಡು" ಎಂದಳು. ನೆರಿಯೊ ಥರ ಎಂದರೆ ಹೇಗೆ? ಅದನ್ನಾದರೂ ಬರೆದು ತಿಳಿಸು.

ಇಲ್ಲಿ ಗಾಳಿ ಎಂದಿನಂತೆ ಬೀಸುತ್ತಿದೆ. ನಿನ್ನ ಆಡು ಎರಡು ಮರಿ ಹಾಕಿದೆ.

ನಿನ್ನ ಅಪ್ಪ,
ಎವಾರಿಸ್ಟೊ

~

ರಾಟರ್‌ಡ್ಯಾಮ್,
11 ಮಾರ್ಚ್ 1996

ಅಪ್ಪಾ,

ನಿಮ್ಮ ಪತ್ರ ಇಲ್ಲಿಯ ಕಚೇರಿಯಲ್ಲಿ ಕಾದು ಕೂತಿತ್ತು. ಓದಿ ಒಬ್ಬನೇ ನಕ್ಕೆ. ಕೈ ಸುಟ್ಟುಕೊಂಡಿಲ್ಲ, ಯಾರ ಹೊಟ್ಟೆಯೂ ಕೆಟ್ಟಿಲ್ಲ. ಬೆಳಗ್ಗೆ ನಮ್ಮ ಜೋಳದ ರೊಟ್ಟಿ, ಅರೆಪಾ, ಸುಡುತ್ತೇನೆ. ಗ್ರೀಸಿನ ಎಂಜಿನಿಯರ್ ಒಬ್ಬ ಅದನ್ನು ನೋಡಿ "ಇದೇನು, ಹಡಗಿನ ಬಿರಡೆಯಾ?" ಎಂದ. ಈಗ ದಿನಾ ನಾಲ್ಕು ತಿನ್ನುತ್ತಾನೆ.

ಅಕ್ಕನ ವಿಷಯ. ನೀವು ಗಾಬರಿಯಾಗಬೇಡಿ, ಅವಳಿಗೆ ಆಟ ಚೆನ್ನಾಗಿ ಗೊತ್ತು. ನೀವು ನಿಲ್ಲುವ ಜಾಗ ಮಾತ್ರ ಸ್ವಲ್ಪ ಬದಲಿಸಿ. ನೆಲದಲ್ಲಿ ಒಂದು ಹಂಚು ಒಡೆದಿದೆಯಲ್ಲ, ಅದರ ಮೇಲೆ ನಿಲ್ಲಿ. ಅಲ್ಲಿಂದ ಅಕ್ಕನ ಕುರ್ಚಿಯ ಹಿಂದೆ, ಕಂಪನಿ ಆಟಗಳಲ್ಲಿ ಗೆದ್ದ ಹಳೇ ಕಪ್ಪುಗಳನ್ನು ಇಟ್ಟ ಗಾಜಿನ ಕಪಾಟು ನೇರವಾಗಿ ಕಾಣಬೇಕು. ಆ ಜಾಗದಲ್ಲಿ ಫ್ಯಾನಿನ ಗಾಳಿ ಬೆನ್ನಿಗೆ ಹೊಡೆಯುವುದಿಲ್ಲ, ನಿಮ್ಮ ಸೊಂಟಕ್ಕೂ ಒಳ್ಳೆಯದು. ನಾನು ಮೂರು ವರ್ಷವೂ ಅಲ್ಲೇ ನಿಂತದ್ದು. ಬೇರೆ ಗುಟ್ಟು ಏನೂ ಇಲ್ಲ.

ಆಡಿನ ಮರಿಗಳಿಗೆ ಅಕ್ಕನೇ ಹೆಸರಿಡಲಿ.

ನಿಮ್ಮ
ನೆರಿಯೊ

~

ಪುಂತೊ ಫಿಹೊ,
29 ಏಪ್ರಿಲ್ 1996

ಮಗ ನೆರಿಯೊ,

ಕೂತುಕೊಂಡು ಓದು, ನಿಂತಿದ್ದರೆ ಬಿದ್ದುಬಿಡುತ್ತೀಯೆ. ನಿನ್ನಕ್ಕ ರಾಜ್ಯಕ್ಕೇ ಮೊದಲು ಬಂದಿದ್ದಾಳೆ!

ರಾಜ್ಯದ ಕೂಟ ಈ ಸಲ ನಮ್ಮ ಕ್ಲಬ್ಬಿನಲ್ಲೇ ಆಯಿತು. ಬುದ್ಧಿಯ ಬೆಳವಣಿಗೆ ನಿಧಾನವಾದ ನಮ್ಮ ಮಕ್ಕಳು ಸುತ್ತಮುತ್ತಲ ಊರುಗಳಿಂದ ಎಪ್ಪತ್ತು ಜನ ಬಂದಿದ್ದರು. ಮಕ್ಕಳು ಅಂತ ನಾನು ಅನ್ನುತ್ತೇನೆ, ಅದರಲ್ಲಿ ಒಬ್ಬನಿಗೆ ನನಗಿಂತ ಹೆಚ್ಚು ಬೋಳುತಲೆ. ರ‍್ಯಾಂಪಿನಿಂದ ಆಡುವವರು ಐದು ಮಂದಿ. ಓಮೈರಾ ಮೂರು ಆಟದಲ್ಲಿ 112, 104, 118. ಕೋರೊ ಊರಿನ ಹಸಿಂತಾ ಎಂಬ ದಪ್ಪ ಹುಡುಗಿ ಎರಡನೆಯವಳು. ಪದಕ ಕೊರಳಿಗೆ ಬಿದ್ದಾಗ ಓಮೈರಾ ನಗಲಿಲ್ಲ. ಅದನ್ನು ಹಲ್ಲಲ್ಲಿ ಕಚ್ಚಿ ನೋಡಿ, "ತಗಡು" ಎಂದಳು. ನಾನು ಮಾತ್ರ ಎಲ್ಲರೆದುರು ಅತ್ತುಬಿಟ್ಟೆ. ನಿಮ್ಮಮ್ಮ ಇರಬೇಕಿತ್ತು.

ನೀನು ಹೇಳಿದ ಜಾಗದಲ್ಲೇ ನಿಲ್ಲುತ್ತೇನೆ. ಜಾಗ ನನಗೆ ಒಗ್ಗಿದೆ. ಸೊಂಟಕ್ಕೂ ಒಳ್ಳೆಯದೇ. ಈಗ ನಾವಿಬ್ಬರೂ ಚೆನ್ನಾಗಿ ಹೊಂದಿಕೊಂಡಿದ್ದೇವೆ. ಒಂದೇ ಒಂದು ವಿಚಿತ್ರ ಇದೆ. ಅವಳು ಮೊದಲು ಎರಡು ಬೆರಳು ಎತ್ತುತ್ತಾಳೆ. ಆಮೇಲೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಂದು ಬೆರಳನ್ನು ಮಡಚಿಕೊಳ್ಳುತ್ತಾಳೆ. ಎಣಿಕೆ ತಪ್ಪುತ್ತದೆ, ಪಾಪ. ನಾನೇನೂ ಅನ್ನುವುದಿಲ್ಲ. ಹೇಗೋ ಚೆಂಡು ಸರಿಯಾದ ಜಾಗಕ್ಕೇ ಹೋಗುತ್ತದೆ.

ಅಕ್ಟೋಬರಿನಲ್ಲಿ ಇಡೀ ದೇಶದ ಕೂಟ, ಬಾರ್ಕಿಸಿಮೆತೊದಲ್ಲಿ. ಅವಳ ಹೆಸರು ಹೋಗಿದೆ. ದಿನಾ ಬೆಳಗ್ಗೆ ಎದ್ದವಳೇ ಕೇಳುತ್ತಾಳೆ, "ಅಕ್ಟೋಬರ್ ಬಂತಾ?" ಮೂವತ್ತೆಂಟು ವರ್ಷದಲ್ಲಿ ಈ ಊರು ಬಿಟ್ಟು ಅವಳು ಆಸ್ಪತ್ರೆಗಲ್ಲದೆ ಬೇರೆಲ್ಲಿಗೂ ಹೋದವಳಲ್ಲ, ನೋಡು.

ಆಡಿನ ಮರಿಗಳ ಹೆಸರು: ಒಂದೇ ಚೆಂಡಿಗೆ ಹತ್ತೂ ಬೀಳುವ ಸ್ಟ್ರೈಕ್, ಒಂದೂ ಬೀಳದ ಚರಂಡಿ.

ನಿನ್ನ ಅಪ್ಪ

~

ಹ್ಯೂಸ್ಟನ್,
3 ಜೂನ್ 1996

ಅಪ್ಪಾ,

ಪತ್ರ ಓದಿ ಅಡುಗೆಮನೆಯಲ್ಲೇ ಕುಣಿದೆ. ಆ ದಿನ ಎಲ್ಲರಿಗೂ ಸಿಹಿ ಮಾಡಿದೆ. ಆಡಿನ ಹಾಲು ಸಿಗದೆ ಡಬ್ಬಿಯ ಹಾಲಲ್ಲೇ ಮಾಡಿದ್ದು, ನಮ್ಮ ಊರಿನ ರುಚಿ ಬರಲಿಲ್ಲ. ಅಕ್ಕನಿಗೆ ನನ್ನ ಮುತ್ತು ತಿಳಿಸಿ. ಪದಕ ಕಚ್ಚಬೇಡ ಎನ್ನಿ, ಹಲ್ಲು ಮೊದಲೇ ಸರಿಯಿಲ್ಲ.

ಒಂದು ಮಾತು ಕೇಳಲೇ? ಬಾರ್ಕಿಸಿಮೆತೊದ ಬೌಲಿಂಗ್ ಹಾಲನ್ನು ನೀವು ನೋಡಿದ್ದೀರಾ? ಆಡುವವರ ಹಿಂದೆ ಅಲ್ಲಿ ಏನಿದೆ? ಗೋಡೆಯೋ, ಕುರ್ಚಿಗಳೋ? ಸುಮ್ಮನೆ ಕೇಳಿದೆ. ಅಕ್ಕನಿಗೆ ಹೊಸ ಜಾಗ ಅಲ್ಲವೇ, ಅದಕ್ಕೆ.

ನಿಮ್ಮ
ನೆರಿಯೊ

~

ಪುಂತೊ ಫಿಹೊ,
7 ಜುಲೈ 1996

ಮಗನೇ,

ನಿನ್ನ ಪತ್ರ ತಲುಪಿತು. ಬಾರ್ಕಿಸಿಮೆತೊದ ಬೌಲಿಂಗ್ ಹಾಲಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನಾವು ಹೋಗದಿದ್ದರೆ ಒಳ್ಳೆಯದು ಅನ್ನಿಸುತ್ತಿದೆ.

ಓಮೈರಾಳ ಆಟ ಬಿದ್ದುಹೋಗಿದೆ. ಮೂರು ಶನಿವಾರದಿಂದ 61, 58, 49. ಸೆಖೆ ಹೆಚ್ಚು. ಕ್ಲಬ್ಬಿಗೆ ಬಣ್ಣ ಹೊಡೆಸಿದ್ದಾರೆ, ಕಪಾಟು ಗಿಪಾಟು ಎಲ್ಲ ಎತ್ತಿಟ್ಟು ಹಸಿರು ಬಳಿದಿದ್ದಾರೆ. ಆ ವಾಸನೆಗೂ ಅವಳಿಗೆ ಆಗುತ್ತಿಲ್ಲವೋ ಏನೋ. ನನ್ನ ಸೊಂಟವೂ ಹಿಡಿದುಕೊಂಡಿದೆ. ಅವಳಿಗೆ ಸುಸ್ತು, ಈ ವರ್ಷ ಬೇಡ ಎಂದು ಟೀಚರ್‌ಗೆ ಹೇಳಿಬಿಡೋಣ ಎಂದಿದ್ದೇನೆ.

ಅವಳಿಗೇ ಹೇಳಿ ನೋಡಿದೆ. "ನಿಂಗೆ ಸುಸ್ತಾಗಿದೆ ಕಂದಾ" ಎಂದೆ. "ನಂಗೇನೂ ಸುಸ್ತಿಲ್ಲ, ನಿಂಗೇ ಸುಸ್ತು. ಅಕ್ಟೋಬರ್ ಬಂತಾ?" ಎಂದಳು.

ಅಪ್ಪ

~

ಲಿಸ್ಬನ್,
2 ಆಗಸ್ಟ್ 1996

ಅಪ್ಪಾ,

ನಿಮ್ಮ ಪತ್ರ ಮೂರು ಸಲ ಓದಿದೆ. ನಿದ್ದೆ ಬರುತ್ತಿಲ್ಲ. ನೇರವಾಗಿ ಹೇಳಿ, ಅಕ್ಕನಿಗೆ ಮತ್ತೆ ಫಿಟ್ಸ್ ಬರುತ್ತಿದೆಯಾ? ಮಾತ್ರೆ ತಪ್ಪಿತಾ? ಇಲ್ಲ ನಿಮಗೇ ಏನಾದರೂ ಆಗಿ ಮುಚ್ಚಿಡುತ್ತಿದ್ದೀರಾ? ಹಾಗಿದ್ದರೆ ಮುಂದಿನ ಬಂದರಿನಲ್ಲೇ ಕೆಲಸ ಬಿಟ್ಟು ಇಳಿದು ಬರುತ್ತೇನೆ. ಕ್ಯಾಪ್ಟನ್ ಹತ್ತಿರ ಮಾತಾಡಿಯೂ ಆಗಿದೆ.

ಈ ಸಾಲಿನ ತನಕ ಬರೆದು ಒಂದು ದಿನ ಪತ್ರವನ್ನು ಹಾಗೇ ಇಟ್ಟಿದ್ದೆ. ಈಗ ಮಿಕ್ಕಿದ್ದನ್ನು ಬರೆಯುತ್ತೇನೆ. ಕಪಾಟು ಎತ್ತಿಟ್ಟರು ಎಂದಿರಿ, ಎಷ್ಟು ಸಸಾರವಾಗಿ ಬರೆದುಬಿಟ್ಟಿರಿ!

ಅಪ್ಪಾ, ಫ್ಯಾನಿನ ಗಾಳಿ ಎಂದದ್ದು ಸುಳ್ಳು. ಆ ಒಡೆದ ಹಂಚಿನ ಮೇಲೆ ನಿಂತರೆ ಕಪಾಟಿನ ಗಾಜಿನಲ್ಲಿ ಪಿನ್ನುಗಳು ಕಾಣುತ್ತವೆ. ನಾನು ಮೂರು ವರ್ಷ ಗಾಜಿನಲ್ಲಿ ನೋಡಿ, ಅಕ್ಕ ಹೇಳಿದ್ದಕ್ಕೆ ಅರ್ಧ ಬೆರಳು ಸೇರಿಸುತ್ತಿದ್ದೆ. ಮೊದಲ ಸಲ ಮಾಡಿದ್ದು ಅವಳು ಸೋತು ಅತ್ತ ದಿನ. ಆಮೇಲೆ ಬಿಡಲಾಗಲಿಲ್ಲ. ನಿಮ್ಮನ್ನು ಆ ಜಾಗದಲ್ಲಿ ನಿಲ್ಲಿಸಿದರೆ, ನಿಮ್ಮ ಕಣ್ಣು ತಾನೇ ಗಾಜಿಗೆ ಹೋಗುತ್ತದೆ ಎಂದುಕೊಂಡೆ. ನಿಮಗೂ ಗೊತ್ತಾಗದ ಹಾಗೆ ನಿಮ್ಮಿಂದ ಮೋಸ ಮಾಡಿಸಿದೆ. ನೀವು ಗಾಜು ನೋಡಿರಲಿಕ್ಕಿಲ್ಲ. ನಿಮ್ಮಂಥ ನೇರ ಮನುಷ್ಯರಿಗೆ ಇದನ್ನು ಬರೆಯಲು ನಾಚಿಕೆಯಾಗುತ್ತಿದೆ.

ಬೈಯಿರಿ. ಆದರೆ ಅಕ್ಕನಿಗೆ ಹೇಳಬೇಡಿ.

ನೆರಿಯೊ

~

ಪುಂತೊ ಫಿಹೊ,
24 ಆಗಸ್ಟ್ 1996

ನೆರಿಯೊ,

ಕೆಲಸ ಬಿಟ್ಟು ಇಳಿಯಬೇಡ. ಯಾರಿಗೂ ಫಿಟ್ಸ್ ಇಲ್ಲ. ನನ್ನ ಸೊಂಟವೂ ಚೆನ್ನಾಗಿಯೇ ಇದೆ.

ನೇರ ಮನುಷ್ಯನಂತೆ! ಲೋ, ಆ ಹಂಚಿನ ಮೇಲೆ ನಿಂತ ಎರಡನೇ ನಿಮಿಷಕ್ಕೇ ಪಿನ್ನು ಕಂಡವು. ಮೂವತ್ತೊಂದು ವರ್ಷ ಮುಳ್ಳು ನೋಡಿದ ಕಣ್ಣು, ಕಾಣದೆ ಇರುತ್ತದೆಯೇ? ಇದು ನನಗೊಬ್ಬನಿಗೇ ಸಿಕ್ಕ ಅದೃಷ್ಟ, ನನ್ನ ಮಗ ಪಾಪ ಮೂರು ವರ್ಷ ಗಾಜಿನೆದುರು ನಿಂತರೂ ತಲೆ ತಗ್ಗಿಸಿ ನಿಯತ್ತಾಗಿದ್ದ ಎಂದುಕೊಂಡೆ. ನಿನಗೆ ಗೊತ್ತಾದರೆ ಏನೆಂದುಕೊಳ್ಳುತ್ತೀಯೋ ಎಂದು ನಾನು ಮುಚ್ಚಿಟ್ಟೆ. ನನಗೆ ಗೊತ್ತಾದರೆ ಎಂದು ನೀನು ಮುಚ್ಚಿಟ್ಟೆ. ನಿನ್ನ ಪತ್ರ ಓದಿ ನಗು ಬಂತು, ಆಮೇಲೆ ಹಜಾರದಲ್ಲಿ ಒಬ್ಬನೇ ಕೂತು ಅತ್ತೆ.

ನೀನು ಸೇರಿಸಿದ್ದು ಅರ್ಧ ಬೆರಳು. ನಾನು ಒಂದು ಪೂರ್ತಿ ಬೆರಳು ಸೇರಿಸುತ್ತಿದ್ದೆ. ಅವಳು ಒಂದು ಎಂದರೆ ಎರಡು ಮಾಡುತ್ತಿದ್ದೆ. ಪಿನ್ನೆಲ್ಲ ದಡದಡ ಬೀಳುತ್ತಿದ್ದವು. ಅಂದರೆ ಅವಳು ಹೇಳಿದ್ದು ತಪ್ಪು, ನನ್ನ ತಿದ್ದುಪಡಿ ಸರಿ ಎಂದಲ್ಲವೇ? ಕಪಾಟು ಹೋದ ಮೇಲೆ ಅವಳು ಹೇಳಿದಷ್ಟೇ ಸರಿಸಿದೆ, ಆಟ ಬಿತ್ತು. ಹೋದ ಶನಿವಾರ, ನೋಡಿಯೇಬಿಡೋಣ ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತೆ. ಬೆರಳೂ ಬೇಡ, ಬಾಯಲ್ಲೇ ಹೇಳು ಎಂದೆ. ಮೊದಲ ಆಟ 54.

ಅಷ್ಟಕ್ಕೇ ನಿಲ್ಲಿಸಿ ಮನೆಗೆ ಕರೆತಂದೆ. ದಾರಿಯುದ್ದಕ್ಕೂ ಅವಳು ಏನೋ ಹೇಳಲು ನೋಡಿದಳು, ನಾನು ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಗುರಿ ಬರುವುದಿಲ್ಲ ನೆರಿಯೊ. ಆ ಪದಕ ಅವಳದಲ್ಲ, ನನ್ನದು ಮತ್ತು ನಿನ್ನದು. ಅವಳು ಅದನ್ನು ಹಾಕಿಕೊಂಡೇ ಮಲಗುತ್ತಾಳೆ. ಬಾರ್ಕಿಸಿಮೆತೊಗೆ ಹೋಗಿ ಸಾವಿರ ಜನರೆದುರು ಚೆಂಡನ್ನೆಲ್ಲ ಚರಂಡಿಗೆ ಬಿಡುವುದನ್ನು ನಾನು ನೋಡಲಾರೆ. ಹತ್ತನೇ ತಾರೀಖಿನೊಳಗೆ ಹೆಸರು ವಾಪಸು ಪಡೆಯಬೇಕು. ಟೀಚರ್‌ಗೆ ಸೊಂಟನೋವು ಎಂದೇ ಹೇಳುತ್ತೇನೆ. ಇದು ನಮ್ಮಿಬ್ಬರಲ್ಲೇ ಇರಲಿ.

ಅಪ್ಪ

~

ಪುಂತೊ ಫಿಹೊ,
7 ಸೆಪ್ಟೆಂಬರ್ 1996

ನೆರಿಯೊ,

ಇದು ಓಮೈರಾ. ಬರೀತಿರೋದು ಸೊರೈದಾ ಟೀಚರ್. ನಾನು ಹೇಳಿದ್ದು ಹೇಳಿದ ಹಾಗೇ ಬರೀಬೇಕು ಅಂತ ಹೇಳಿದೀನಿ. ಚೆಂದ ಮಾಡ್ಬೇಡಿ ಅಂದಿದೀನಿ.

ನೀನು ಕಳ್ಳ. ಅಪ್ಪನೂ ಕಳ್ಳ. ನಂಗೆ ಮೊದ್ಲಿಂದ ಗೊತ್ತು.

ನೀನು ನನ್ನ ಮುಖ ನೋಡ್ಬೇಕು, ಅದು ನಿಯಮ. ನೀನು ನೋಡ್ತಿರ್ಲಿಲ್ಲ. ನಿನ್ನ ಕಣ್ಣು ನನ್ನ ತಲೆ ಮೇಲಿಂದ ಹಿಂದೆ ಹೋಗ್ತಿತ್ತು. ಹಿಂದೆ ಏನಿದೆ ಅಂತ ಒಂದಿನ ಕುರ್ಚಿ ತಿರುಗಿಸಿ ನೋಡ್ದೆ. ಕಪಾಟು. ಅದ್ರಲ್ಲಿ ಪಿನ್ನು. ಅದ್ರಲ್ಲಿ ನನ್ನ ಮುಖನೂ ಇತ್ತು, ಸೊಟ್ಟ. ಆ ಗಾಜು ಸೊಟ್ಟ ಕಣೋ! ಅದ್ರಲ್ಲಿ ನೋಡಿದ್ರೆ ಎಲ್ಲ ಸೊಟ್ಟನೇ ಕಾಣೋದು. ನಾನು ಎರಡು ಅಂದ್ರೆ ಎರಡೇ ಸರಿ. ನಿಂಗೆ ಸಾಲ್ದು ಅಂತ ಕಾಣ್ತಿತ್ತು, ನೀನು ಎರಡೂವರೆ ಮಾಡ್ತಿದ್ದೆ. ಚೆಂಡು ಆಚೆ ಹೋಗ್ತಿತ್ತು. ಅದಕ್ಕೆ ನಾನು ಒಂದೂವರೆ ಅನ್ನೋಕೆ ಶುರು ಮಾಡ್ದೆ. ಒಂದು ಬೆರಳು ನೆಟ್ಟಗೆ, ಒಂದು ಬಗ್ಗಿಸಿ. ನೀನು ಅರ್ಧ ಸೇರಿಸ್ತಿದ್ದೆ. ಎರಡು ಆಗ್ತಿತ್ತು. ಬೀಳ್ತಿತ್ತು. ನೀನು ನಗ್ತಿದ್ದೆ. ನೀನು ಖುಷಿ, ನಾನೂ ಖುಷಿ.

ಆಮೇಲೆ ಅಪ್ಪ ಬಂದ. ಮೊದ್ಲು ಅವನು ಹೇಳಿದಷ್ಟೇ ಸರಿಸ್ದ. ನಾನು ಕಮ್ಮಿ ಹೇಳಿದ್ನಲ್ಲ, ಅದಕ್ಕೆ ಬೀಳ್ಲಿಲ್ಲ. ಅಪ್ಪನೂ ಸೇರಿಸ್ತಾನೆ ಅಂದ್ಕೊಂಡಿದ್ದೆ. ನೆರಿಯೊ ಥರ ಮಾಡು ಅಂದೆ. ಆಮೇಲೆ ಅವನೂ ಕಪಾಟು ನೋಡೋಕೆ ಶುರು ಮಾಡ್ದ. ಅಪ್ಪಂದು ಒಂದು ಬೆರಳು ಜಾಸ್ತಿ. ಅಪ್ಪ ಯಾವಾಗ್ಲೂ ಜಾಸ್ತಿನೇ, ಊಟಕ್ಕೆ ಹಾಕೋವಾಗ್ಲೂ. ಅದಕ್ಕೆ ನಾನು ಒಂದು ಕಮ್ಮಿ ಹೇಳ್ದೆ. ಪದಕ ಬಂತು.

ಆಮೇಲೆ ಕಪಾಟು ಹೋಯ್ತು. ಹೋಗಿದ್ದು ನನ್ನ ಬೆನ್ನ ಹಿಂದೆ, ನಂಗೆ ಹೇಗೆ ಕಾಣುತ್ತೆ? ಬಣ್ಣ ಹೊಡೆದ ಮೇಲೆ ಕಪಾಟಿನ ಪಕ್ಕದ ಹಿಂದಿನ ಬಾಗ್ಲಿಂದ ಒಳಗೆ ಕರ್ಕೊಂಡು ಹೋಗ್ತಿರ್ಲಿಲ್ಲ, ಬೇರೆ ಬಾಗ್ಲಿಂದ. ನಾನು ಕಮ್ಮಿನೇ ಹೇಳ್ತಿದ್ದೆ. ಅಪ್ಪ ಸೇರಿಸ್ಲಿಲ್ಲ. ಚರಂಡಿ, ಚರಂಡಿ, ಚರಂಡಿ. ಅಪ್ಪನಿಗೆ ವಯಸ್ಸಾಯ್ತು, ಕೈ ನಡುಗುತ್ತೆ ಅಂದ್ಕೊಂಡೆ. ಹೇಳಿದ್ರೆ ಬೇಜಾರು ಮಾಡ್ಕೋತಾನೆ ಅಂತ ಸುಮ್ನಿದ್ದೆ.

ಒಂದಿನ ಅಪ್ಪ ಕಣ್ಣು ಮುಚ್ಕೊಂಡು ನಿಂತ. ಹೀಗೆ, ಗಟ್ಟಿಯಾಗಿ. ಟೀಚರ್, ನಾನು ಮುಚ್ಚಿ ತೋರಿಸಿದ್ದನ್ನ ಬರೀರಿ. ಮೊದ್ಲು ಕಣ್ಣಿಗೆ ಏನಾದ್ರೂ ಬಿತ್ತಾ ಅಂತ ಭಯ ಆಯ್ತು. ಆಟ ಮುಗಿಯೋ ಹೊತ್ತಿಗೆ ಗೊತ್ತಾಯ್ತು. ಅಪ್ಪ ಕಳ್ಳತನ ಬಿಟ್ಟಿದಾನೆ! ಇನ್ನು ಸರಿಯಾಗಿ ಹೇಳ್ಬಹುದು ಅಂತ ಇನ್ನೊಂದು ಆಟ ಕೇಳ್ದೆ. ಅವನು ಆಡಿಸ್ಲಿಲ್ಲ. ಮನೆಗೆ ಕರ್ಕೊಂಡು ಬಂದ. ದಾರೀಲಿ ಹೇಳೋಕೆ ಹೋದ್ರೆ ಮೂಗು ಒರಸ್ಕೊಂಡು ಆ ಕಡೆ ನೋಡ್ತಿದ್ದ.

ಆಮೇಲೆ ಟೀಚರ್ ಹತ್ರ ನನ್ನ ಹೆಸ್ರು ವಾಪಸ್ ಕೇಳೋಕೆ ಹೋದ. ನನ್ನ ಹೆಸ್ರು! ಕೊಟ್ಟಿದ್ದು ನಾನು, ವಾಪಸ್ ತಗೊಳ್ಳೋಕೆ ಇವನ್ಯಾರು? ನಾನು ಕಿರುಚ್ದೆ. ಲೋಟ ತಟ್ಟೆ ಎಲ್ಲ ಎಸೆದೆ. ಟೀಚರ್ ಬಂದ್ರು. ಎಲ್ಲ ಹೇಳ್ದೆ. ಅಪ್ಪ ನೆಲದ ಮೇಲೆ ಕೂತು ಒಡೆದ ತಟ್ಟೆ ಆರಿಸ್ತಿದ್ದ. "ಮೂರು ವರ್ಷ ನಮ್ಮಿಬ್ಬರ ಲೆಕ್ಕನೂ ಸೇರಿಸಿ ಆಡಿದ್ಯಾ ಕಂದಾ?" ಅಂದ. ಮತ್ತೆ? ಇನ್ನೇನು ಮಾಡ್ಲಿ, ನೀವು ಇರೋದೇ ಹಾಗೆ.

ಟೀಚರ್ ಮೂವರಿಗೂ ಬೈದ್ರು. ನಂಗೂ ಬೈದ್ರು, ಗೊತ್ತಿದ್ದೂ ಸುಮ್ನಿದ್ದೆ ಅಂತ. ಪದಕ ವಾಪಸ್ ಕೊಡ್ಬೇಕಂತೆ. ತಗಡು ತಾನೆ, ಕೊಡ್ತೀನಿ. ಮುಂದಿನ ಶನಿವಾರ ಎಲ್ಲರ ಎದುರು ಮೂರು ಆಟ ಆಡ್ಬೇಕಂತೆ. ಸರಾಸರಿ ತೊಂಬತ್ತು ಬಂದ್ರೆ ಬಾರ್ಕಿಸಿಮೆತೊ. ಬರ್ದಿದ್ರೆ ಇಲ್ಲ. ಅಪ್ಪನಿಗೆ ಭಯ. ನಂಗಿಲ್ಲ. ಸ್ವಲ್ಪ ಇದೆ.

ನೀನು ಬರೋವಾಗ ನಂಗೆ ಚಾಕೊಲೇಟ್ ತರ್ಬೇಕು. ಮೂರು ವರ್ಷದ್ದು.

ಓಮೈರಾ

(ಇದು ಅವಳೇ ಹಾಕಿದ ಸಹಿ. ಅವಳು ಹೇಳಿದ್ದರಲ್ಲಿ ನಾನು ಏನನ್ನೂ ಚೆಂದ ಮಾಡಿಲ್ಲ. ಸೊರೈದಾ.)

~

ಅರುಬಾ,
30 ಸೆಪ್ಟೆಂಬರ್ 1996

ಅಕ್ಕಾ,

ನಿನ್ನ ಪತ್ರ ಜೇಬಿನಲ್ಲೇ ಇದೆ. ಅಡುಗೆ ಮಾಡುತ್ತ ಮಾಡುತ್ತ ತೆಗೆದು ಓದಿ ಎಣ್ಣೆಕಲೆ ಮಾಡಿದ್ದೇನೆ.

ನಿನಗೆ ಸಹಾಯ ಮಾಡುತ್ತಿದ್ದೇನೆ ಎಂದುಕೊಂಡು ಮೂರು ವರ್ಷ ನಿನ್ನ ಕೆಲಸ ಹೆಚ್ಚು ಮಾಡಿದೆ. ತಪ್ಪಾಯಿತು. ಈ ಮಾತನ್ನು ಎದುರಿಗೆ ನಿಂತು, ನಿನ್ನ ಮುಖ ನೋಡಿಯೇ ಹೇಳುತ್ತೇನೆ.

ಈ ದ್ವೀಪದಿಂದ ನೀರಿನಾಚೆ ನಮ್ಮ ಊರಿನ ದೀಪ ಕಂಡಂತೆ ಆಗುತ್ತದೆ, ಇಳಿಯಲು ಮಾತ್ರ ಡಿಸೆಂಬರ್ ಆಗಬೇಕು. ಶನಿವಾರ ಏನಾಯಿತು ಎಂದು ಯಾರೂ ಬರೆದಿಲ್ಲ. ಅಪ್ಪನಿಗೆ ಹೇಳು, ಒಂದು ಸಾಲಾದರೂ ಬರೆಯಲಿ.

ನಿನ್ನ ತಮ್ಮ,
ನೆರಿಯೊ

~

ಬಾರ್ಕಿಸಿಮೆತೊ,
20 ಅಕ್ಟೋಬರ್ 1996

ಮಗ ನೆರಿಯೊ,

ಊರಿನ ಹೆಸರು ನೋಡಿದೆಯಲ್ಲ? ಈಗ ಉಸಿರು ಬಿಡು.

ಆ ಶನಿವಾರ ಅವಳು ಮಾಡಿದ್ದು 99, 101, 109. ಬರೆಯಲು ಕೂತಾಗೆಲ್ಲ ಕೈ ಓಡಲಿಲ್ಲ, ಅದಕ್ಕೆ ತಡವಾಯಿತು. ಮಾರನೆಯ ದಿನವೇ ಅವಳನ್ನು ಕರೆದುಕೊಂಡು ಬಸ್ಸಿನಲ್ಲಿ ಕೋರೊಗೆ ಹೋದೆ. ಪದಕವನ್ನು ಓಮೈರಾ ತಾನೇ ಹಸಿಂತಾಳ ಕೊರಳಿಗೆ ಹಾಕಿದಳು. "ನನ್ನ ಬೆಳ್ಳಿದೂ ನಾನೇ ಇಟ್ಕೊಳ್ಲಾ?" ಎಂದು ಕೇಳಿದಳು ಆ ಹುಡುಗಿ. "ಇಟ್ಕೋ, ಎರಡೂ ತಗಡೇ" ಎಂದಳು ಇವಳು. ಆಗಿನಿಂದ ಇಬ್ಬರೂ ಭಾರಿ ಗೆಳತಿಯರು. ಇಬ್ಬರನ್ನೂ ಇಲ್ಲಿಗೆ ಕಳಿಸಿದರು.

ಇಲ್ಲಿಯ ಬೌಲಿಂಗ್ ಹಾಲ್ ನಮ್ಮದರ ಐದರಷ್ಟಿದೆ. ಆಡುವವರ ಹಿಂದೆ ಏನಿದೆ ಎಂದು ನೀನು ಕೇಳಿದ್ದೆಯಲ್ಲ? ತಂಪು ಪಾನೀಯದ ಫ್ರಿಜ್ ಇದೆ, ಗಾಜಿನ ಬಾಗಿಲಿನದು, ಆಳೆತ್ತರದ್ದು. ನಾನು ನಿಲ್ಲಬೇಕಾದ ಜಾಗಕ್ಕೆ ಸರಿಯಾಗಿ ಎದುರು. ಅದರಲ್ಲಿ ಹತ್ತೂ ಪಿನ್ನು ಎಣಿಸುವಷ್ಟು ಚೆನ್ನಾಗಿ ಕಾಣುತ್ತಿದ್ದವು, ಮತ್ತು ಈ ಗಾಜು ಸೊಟ್ಟವಾಗಿರಲಿಲ್ಲ. ನಾನು ನೋಡಿದೆ. ನಾನು ನೋಡಿದ್ದನ್ನು ಓಮೈರಾ ನೋಡಿದಳು.

"ಅಪ್ಪಾ, ಫ್ರಿಜ್ ಚೆನ್ನಾಗಿದ್ಯಾ?" ಎಂದು ಕೇಳಿದಳು.

ನಾನು ಹೋಗಿ ನಮ್ಮ ತಂಡದ ಹಳದಿ ಜಾಕೆಟ್ ಬಿಚ್ಚಿ ಅದರ ಬಾಗಿಲಿಗೆ ನೇತುಹಾಕಿ ಬಂದೆ. ಯಾರೋ ಒಬ್ಬ, "ತಾತಾ, ಅದು ಬಟ್ಟೆ ಒಣಗಿಸೋ ಜಾಗ ಅಲ್ಲ" ಎಂದ. "ಒಂದು ಗಂಟೆ ಸುಮ್ನಿರಪ್ಪ, ನಿನ್ನ ಜ್ಯೂಸು ಓಡಿಹೋಗಲ್ಲ" ಎಂದೆ.

ಈಗ ನೋಡಲು ನನಗೆ ಉಳಿದದ್ದು ಅವಳ ಮುಖ ಒಂದೇ. ಒಂದು ವಿಷಯ ಹೇಳುತ್ತೇನೆ, ನಗಬೇಡ. ಈ ವರ್ಷವಿಡೀ ಅವಳೆದುರು ನಿಂತೂ ಆಡುವಾಗಿನ ಅವಳ ಮುಖವನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ಗುರಿ ನೋಡುವಾಗ ಕೆಳತುಟಿಯನ್ನು ಎಡಕ್ಕೆ ಕಚ್ಚುತ್ತಾಳೆ, ಥೇಟ್ ನಿಮ್ಮಮ್ಮ ಸೂಜಿಗೆ ದಾರ ಪೋಣಿಸುವಾಗ ಮಾಡುತ್ತಿದ್ದ ಹಾಗೆ. ಚೆಂಡು ತಳ್ಳಿದ ಮೇಲೆ ಕಣ್ಣು ಅದರ ಜೊತೆಗೇ ಓಡುತ್ತದೆ. ಎಷ್ಟು ಬಿದ್ದವು ಎಂದು ಸದ್ದಿಗೂ ಮೊದಲೇ ಆ ಕಣ್ಣಲ್ಲಿ ಗೊತ್ತಾಗುತ್ತದೆ. ನಾವಿಬ್ಬರೂ ಇದನ್ನು ಬಿಟ್ಟು ಕಪಾಟು ನೋಡುತ್ತಿದ್ದೆವಲ್ಲೋ, ದಡ್ಡರು!

ಮೊದಲ ಆಟ 96. ಎರಡನೆಯದು 109. ಮೂರನೆಯದರ ಕೊನೆಗೆ ಬಂದೆವು. ಚೆಂಡು ಬಿಟ್ಟಳು, ಏಳು ಬಿದ್ದವು ಎಂದು ಟೀಚರ್ ಕೂಗಿದರು. ಉಳಿದದ್ದು ಮೂರು, ಕೈಯಲ್ಲಿದ್ದದ್ದು ಒಂದು ಚೆಂಡು. ಓಮೈರಾ ಬಹಳ ಹೊತ್ತು ನೋಡಿದಳು. ಆಮೇಲೆ "ಎಡಕ್ಕೆ ಮೂರು" ಎಂದು ಮೂರು ಬೆರಳು ಎತ್ತಿದಳು. ಒಂದನ್ನೂ ಮಡಚಲಿಲ್ಲ.

ಪಿನ್ನು ಕಾಣದಿದ್ದರೂ, ಮೂರು ಬಹಳವಾಯಿತು ಎಂದು ನನ್ನ ಒಳಗಿನ ಮುಳ್ಳು ನೋಡುವವನು ಬೊಬ್ಬೆ ಹೊಡೆದ. ಎರಡು ಸಾಕು, ಮೂರಾದರೆ ಚರಂಡಿ ಎಂದ. ಬೆರಳುಗಳು ನವೆಯಾದ ಹಾಗೆ ಚಡಪಡಿಸಿದವು. ಮೂರೇ ಸರಿಸಿದೆ ನೆರಿಯೊ. ಅವಳ ಎಡಕ್ಕೆ ಮೂರು, ಹೆಚ್ಚಿಲ್ಲ, ಕಮ್ಮಿಯಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡೆ.

ಅವಳು ತಳ್ಳಿದಳು. ಚೆಂಡು ನನ್ನ ಪಕ್ಕದಿಂದ ಇಳಿದು ಹೋಯಿತು. ಬಡಿದ ಸದ್ದು ಕೇಳಿತು, ಬಿದ್ದ ಸದ್ದು ಕೇಳಿತು, ಎಲ್ಲ ಸುಮ್ಮನಾಯಿತು. ಸದ್ದು ನಿಂತರೆ ತಿರುಗಬಹುದು, ನಿಯಮವೇ ಹಾಗೆ. ಆದರೂ ನಾನು ತಿರುಗಲಿಲ್ಲ. ಅವಳ ಮುಖ ನೋಡುತ್ತ ನಿಂತುಬಿಟ್ಟೆ. ಅವಳು ನಗುತ್ತಿದ್ದಳು.

"ಈಗ ತಿರುಗು ಅಪ್ಪಾ, ನೋಡ್ಬಹುದು" ಎಂದಳು.

ತಿರುಗಿದೆ. ಬಲಗಡೆ ಮೂಲೆಯಲ್ಲಿ ಒಂದೇ ಒಂದು ಪಿನ್ನು ನಿಂತಿತ್ತು.

ನಾಲ್ಕನೇ ಸ್ಥಾನ. ಪದಕ ಇಲ್ಲ, ಒಂದು ಬಣ್ಣದ ರಿಬ್ಬನ್. ಹಸಿಂತಾ ನಾಲ್ಕು ಪಿನ್ನು ಹೆಚ್ಚು ಬೀಳಿಸಿ ಮೂರನೆಯವಳಾದಳು. ಓಮೈರಾ ರಿಬ್ಬನ್ನನ್ನೂ ಕಚ್ಚಿ ನೋಡಿದಳು. ಆಮೇಲೆ ಕುರ್ಚಿ ತಳ್ಳಿಕೊಂಡು ಹೊರಗೆ ಬರುವಾಗ ನನ್ನ ಕೈ ಹಿಡಿದು ಕೇಳಿದಳು:

"ಆ ಒಂದು ಬೀಳ್ಲಿಲ್ಲ. ನೀನು ಕೈ ಹಾಕ್ಲಿಲ್ಲ ತಾನೆ?"

"ಇಲ್ಲ ಕಂದಾ. ಆಣೆಗೂ ಇಲ್ಲ."

"ಹಾಗಾದ್ರೆ ಅದು ನಾನೇ ಬಿಟ್ಟಿದ್ದು" ಎಂದಳು, ಪದಕದ ದಿನ ಕಾಣದಿದ್ದ ಹೆಮ್ಮೆಯಲ್ಲಿ. ಈಗ ಪಕ್ಕದ ಮೇಜಿನಲ್ಲಿ ಹಸಿಂತಾಳ ಜೊತೆ ಐಸ್‌ಕ್ರೀಮ್ ತಿನ್ನುತ್ತ, ಬಂದವರಿಗೆಲ್ಲ ಆ ನಿಂತ ಪಿನ್ನಿನ ಕಥೆ ಹೇಳುತ್ತಿದ್ದಾಳೆ.

ನಿನ್ನ ಅಪ್ಪ,
ಎವಾರಿಸ್ಟೊ